ನನಗೆ ಎಫ್ ಬಂದ ವರ್ಷ

ಜೂನ್ 5, ಮಂಗಳವಾರ

ಡಾಕ್ಟರು ಹೇಳಿದ್ದಕ್ಕೆ ಬರೆಯುತ್ತಿದ್ದೇನೆ, ಬೇರೆ ಯಾವ ಘನಕಾರ್ಯಕ್ಕೂ ಅಲ್ಲ. "ಕೋಪ ಬಂದಾಗ ಕಿರುಚಬೇಡಿ, ಬರೀರಿ. ಬಿಪಿ ಇಳಿಯುತ್ತೆ" ಅಂದರು. ನನಗೆ ಕೋಪವೇ ಬರುವುದಿಲ್ಲ ಎಂದೆ. ಪಕ್ಕದಲ್ಲಿ ಕೂತಿದ್ದ ನಡೀನ್ ಎಷ್ಟು ಜೋರಾಗಿ ನಕ್ಕಳೆಂದರೆ ಹೊರಗಿದ್ದ ನರ್ಸು ಬಾಗಿಲು ತೆಗೆದು ಇಣುಕಿ ನೋಡಿದಳು. ಮದುವೆಯಾದ ಹೊಸದರಲ್ಲಿ ಇವಳು ಹೀಗೆ ನಗುತ್ತಿರಲಿಲ್ಲ.

ಇವತ್ತಿನ ಕೋಪಕ್ಕೆ ಕಾರಣ ಮೊಟ್ಟೆ. ಶಾಲೆಯ ಬಸ್ಸು ಓಡಿಸುವ ಮಾರ್ವೆಲ್ ಡೀಟ್ಸ್ ಬೆಳಿಗ್ಗೆ ನಮ್ಮ ಹಾರ್ಡ್‌ವೇರ್ ಅಂಗಡಿಗೆ ಬಂದಳು. ಒಂದು ಚೀಲದ ತುಂಬ ಮೊಟ್ಟೆ ತಂದಿದ್ದಳು. ಚೀಲ ವಾಪಸ್ಸು ಬೇಕು ಅಂದಳು. ನಡೀನ್ ಅತ್ತಿತ್ತ ನೋಡಿ, ಕೌಂಟರಿನ ಮೇಲಿದ್ದ ನನ್ನ ಕಿತ್ತಳೆ ಬಣ್ಣದ ಟೋಪಿಯನ್ನೇ ತೆಗೆದುಕೊಂಡು ಅದರೊಳಗೆ ಮೊಟ್ಟೆ ಇಡಲು ಹೊರಟಳು! ಬಂದೂಕು ಮಾಲೀಕರ ಲೀಗ್‌ನವರು ಕೊಟ್ಟ ಟೋಪಿ ಅದು. ಎಲ್ಲರಿಗೂ ಕೊಡುವುದಿಲ್ಲ. ಕಿತ್ತುಕೊಂಡೆ. ಎರಡು ಮೊಟ್ಟೆ ನೆಲದ ಪಾಲಾದವು.

ಮಾರ್ವೆಲ್ ಬಂದದ್ದು ಆ ಬೀಗದ ಮಸೂದೆಗಾಗಿ. ಮಕ್ಕಳಿರುವ ಮನೆಯಲ್ಲಿ ಬಂದೂಕನ್ನು ಬೀಗ ಹಾಕಿ ಇಡಬೇಕು ಎನ್ನುವ ಮಸೂದೆ. ಪ್ರತಿ ವರ್ಷ ಶಾಸಕರಾದ ನಮ್ಮ ಸಮಿತಿಗೆ ಬರುತ್ತದೆ, ಪ್ರತಿ ವರ್ಷ ನಾವು ಅದನ್ನು ವಿಚಾರಣೆಯೇ ಇಲ್ಲದೆ ಮೂಲೆಗೆ ಹಾಕುತ್ತೇವೆ. ಅವಳ ಮಗಳು ಜೋಸಿ ಎರಡು ವರ್ಷದ ಹಿಂದೆ ಅಜ್ಜನ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ತೆರೆದಳು. ಒಳಗಿದ್ದದ್ದು ಬಿಸ್ಕತ್ತಲ್ಲ, ಪಿಸ್ತೂಲು. ದೇವರು ದೊಡ್ಡವನು, ಜೀವ ಉಳಿಯಿತು. ಎಡಗೈ ಬೆರಳು ಮಾತ್ರ ಇವತ್ತಿಗೂ ಮಡಚುವುದಿಲ್ಲ.

"ನಾನು ನಿಮ್ಮ ಓಟು ಕೇಳ್ತಾ ಇಲ್ಲ ಸ್ಟಾಫರ್ ಅವರೇ," ಅಂದಳು. "ಒಂದು ಸಲ ಕೂತು ಕೇಳಿಸ್ಕೊಳ್ಳಿ, ಅಷ್ಟೇ."

ಆಗಲಿ ಅಂದೆ. ವ್ಯಾಕ್ಯೂಮ್ ಕ್ಲೀನರ್ ಮಾರುವವನು ಬಂದರೂ ಅಡುಗೆಮನೆಯಲ್ಲಿ ಕೂರಿಸಿ, ಪೂರ್ತಿ ಕೇಳಿ, ಆಮೇಲೆ ಬೇಡ ಎನ್ನುವವನು ನಾನು. ಇದೂ ಹಾಗೆಯೇ.

ಜೂನ್ 12, ಮಂಗಳವಾರ, ಹ್ಯಾರಿಸ್‌ಬರ್ಗ್

ಸಮಿತಿಯಲ್ಲಿ ಮಸೂದೆಯ ವಿಚಾರಣೆ ನಡೆಸಬೇಕೇ ಬೇಡವೇ ಎಂದು ಕೈ ಎತ್ತಿಸಿದರು. ಎತ್ತಿದೆ. ಸುತ್ತ ನೋಡಿದರೆ ನಮ್ಮ ಪಕ್ಷದ ಕಡೆಯಿಂದ ಎದ್ದದ್ದು ನನ್ನದೊಂದೇ ಕೈ. ಅದೊಂದು ಕೈಯಿಂದಲೇ ವಿಚಾರಣೆ ಗೆದ್ದಿತು. ಅಕ್ಟೋಬರ್‌ಗೆ ದಿನ ಗೊತ್ತಾಯಿತು.

ಹೊರಗೆ ಗ್ರಾಂಟ್ ಸಿಕ್ಕರು. ಲೀಗ್‌ನ ಲಾಬಿ ಕೆಲಸವನ್ನೆಲ್ಲ ಇಲ್ಲಿ ರಾಜಧಾನಿಯಲ್ಲಿ ನೋಡಿಕೊಳ್ಳುವವರು ಗ್ರಾಂಟ್ ಪೆಲ್ಹ್ಯಾಮ್. ಬಲು ಸಜ್ಜನ, ನನಗೆ ಆತ್ಮೀಯರು, ನನ್ನ ಮೊಣಕಾಲು ನೋವಿನ ಬಗ್ಗೆ ಮರೆಯದೆ ವಿಚಾರಿಸುತ್ತಾರೆ. ಇವತ್ತು ವಿಚಾರಿಸಲಿಲ್ಲ.

"ಏನಿದು ವರ್ಲಿನ್?"

"ಬರೀ ಕೇಳಿಸ್ಕೊಳ್ಳೋದು ಮಾರಾಯರೇ. ಅಕ್ಟೋಬರ್‌ನಲ್ಲಿ ಬೀಳಿಸಿದ್ರಾಯ್ತು."

"ಕೇಳಿಸ್ಕೊಳ್ಳೋದ್ರಿಂದಾನೇ ಎಲ್ಲಾ ಶುರುವಾಗೋದು," ಅಂದು ನಕ್ಕರು.

ನಾನೂ ನಕ್ಕೆ. ಯಾಕೆ ನಕ್ಕೆನೋ ಗೊತ್ತಿಲ್ಲ.

ಜುಲೈ 14, ಶನಿವಾರ

ಬಿಪಿ ಹಾಗೇ ಇದೆ. ಮೊಣಕಾಲೂ ಹಾಗೇ ಇದೆ.

ಮಧ್ಯಾಹ್ನ ಮಾರ್ವೆಲ್ ಜೋಸಿಯನ್ನು ಕರೆದುಕೊಂಡು ಅಂಗಡಿಗೆ ಬಂದಿದ್ದಳು. ಬಂದೂಕಿನ ಕುದುರೆಗೆ ಹಾಕುವ ಬೀಗ ಬೇಕಂತೆ, ಅವಳ ಅಪ್ಪನಿಗೆ. ಯಾವುದು ಒಳ್ಳೆಯದು ಅಂತ ಕೇಳಿದಳು. ಮೂರು ನಮೂನೆ ತೋರಿಸಿದೆ. ಅವಳು ಮೂರನ್ನೂ ಕೌಂಟರಿನ ಮೇಲಿಟ್ಟು ಮಗಳಿಗೆ ಹೇಳಿದಳು, "ಜೋಸಿ, ತೆಗಿ ನೋಡೋಣ."

ಎಂಟು ವರ್ಷದ ಹುಡುಗಿ ಸ್ಟೂಲು ಹತ್ತಿ ಕೂತಳು. ಮೊದಲನೆಯದನ್ನು ಬಲಗೈಯಲ್ಲೇ ತಿರುವಿ, ಹಲ್ಲಿನಲ್ಲಿ ಎಳೆದು, ನಾನು ರಸೀದಿ ಬರೆಯುವಷ್ಟರಲ್ಲಿ ತೆಗೆದು ಇಟ್ಟಳು. ಎರಡನೆಯದಕ್ಕೆ ನಡೀನ್‌ಳ ತಲೆಗೂದಲಿನ ಪಿನ್ನು ಕೇಳಿ ಇಸಿದುಕೊಂಡಳು. ಅದೂ ಬಂತು. ಎರಡನ್ನೂ ನಾನು ವರ್ಷಗಟ್ಟಲೆ "ಗಟ್ಟಿಮುಟ್ಟು" ಅಂತ ಹೇಳಿ ಮಾರಿದ್ದೇನೆ! ಮೂರನೆಯದನ್ನು ಹಿಡಿದು ಗುದ್ದಾಡಿದಳು, ಬೈದಳು, ನೆಲಕ್ಕೆ ಕುಕ್ಕಿದಳು. ಕೊನೆಗೆ ನನ್ನ ಕಡೆ ತಳ್ಳಿ, "ಇದು ಕೆಟ್ಟ ಬೀಗ. ಬರೋದೇ ಇಲ್ಲ" ಅಂದಳು.

ಗಿರಾಕಿಯೊಬ್ಬರು ನನ್ನ ಸಾಮಾನು ಕೆಟ್ಟದ್ದು ಅಂದಾಗ ಇಷ್ಟು ಸಂತೋಷವಾದದ್ದು ಇದೇ ಮೊದಲು. ಆ ಎರಡು ನಮೂನೆಯನ್ನು ಶೆಲ್ಫಿನಿಂದ ಕೆಳಗಿಳಿಸಿದೆ.

ಆಗಸ್ಟ್ 16, ಗುರುವಾರ

ಎಫ್.

ನನಗೆ. ವರ್ಲಿನ್ ಸ್ಟಾಫರ್‌ಗೆ. ಎಫ್!

ಡಾಕ್ಟರು ಬರೆ ಅಂದಿದ್ದಾರೆ, ಬರೆಯುತ್ತೇನೆ. ಪ್ರತಿ ಚುನಾವಣೆಗೆ ಮುಂಚೆ ಲೀಗ್‌ನವರು ನಮ್ಮಂಥ ಶಾಸಕರಿಗೆಲ್ಲ ಶಾಲೆಯ ಮಕ್ಕಳಿಗೆ ಕೊಟ್ಟ ಹಾಗೆ ದರ್ಜೆ ಕೊಡುತ್ತಾರೆ. ಹದಿನೆಂಟು ವರ್ಷದಿಂದ ನನಗೆ ಎ ಪ್ಲಸ್. ಪ್ರಶಸ್ತಿಪತ್ರಗಳಿಗೆಲ್ಲ ಕಟ್ಟು ಹಾಕಿಸಿ ಮನೆಯ ನಡುಮನೆ ಗೋಡೆಗೆ ಸಾಲಾಗಿ ತೂಗು ಹಾಕಿದ್ದೇನೆ. ಬೇಟೆಗಾರರ ಜಿಲ್ಲೆ ನಮ್ಮದು. ಜಿಂಕೆ ಬೇಟೆಯ ಮೊದಲ ದಿನ ಶಾಲೆಗೆ ರಜೆ ಕೊಡುವ ಜಿಲ್ಲೆ. ಇಲ್ಲಿ ಎಫ್ ಬಂದವನಿಗೆ ಹೆಂಡತಿಯೂ ಓಟು ಹಾಕುವುದಿಲ್ಲ.

"ನಾನು ಹಾಕ್ತೀನಪ್ಪ," ಅಂದಳು ನಡೀನ್, ಲಕೋಟೆ ತೆರೆದವಳೇ ಅವಳು. "ಬೇರೆ ಯಾರು ನಿಂತಿದ್ದಾರೆ ಅಂತ ನೋಡ್ಕೊಂಡು."

ಅಚ್ಚಿನ ತಪ್ಪಿರಬೇಕೆಂದು ಗ್ರಾಂಟ್‌ಗೆ ಫೋನು ಮಾಡಿದೆ.

"ತಪ್ಪೇನಿಲ್ಲ ವರ್ಲಿನ್. ವಿಚಾರಣೆಗೆ ಕೈ ಎತ್ತಿದ್ರಿ. ನಾವು ಅದನ್ನ ಲೆಕ್ಕಕ್ಕೆ ತಗೋತೀವಿ."

"ಹದಿನೆಂಟು ವರ್ಷ ನೀವು ಹೇಳಿದ ಕಡೆಗೆಲ್ಲ ಕೈ ಎತ್ತಿದ್ದೀನಲ್ರೀ! ಅದು ಲೆಕ್ಕಕ್ಕಿಲ್ವಾ?"

"ಅದಕ್ಕೆ ಆಗ್ಲೇ ಎ ಪ್ಲಸ್ ಕೊಟ್ಟಾಯ್ತಲ್ಲ. ಈಗ ಕೇಳಿ. ಅಕ್ಟೋಬರ್‌ನಲ್ಲಿ ಮಸೂದೆ ಬೀಳ್ಸಿ. ಚುನಾವಣೆ ಹತ್ರ ಬಂದಾಗ ಮನೆಮನೆಗೂ ನಮ್ಮ ಕಿತ್ತಳೆ ಕಾರ್ಡು ಹೋಗುತ್ತೆ. ಅದ್ರಲ್ಲಿ ನಿಮ್ಗೆ ಎ ಹಾಕಿಸ್ತೀನಿ."

"ಎ ಪ್ಲಸ್."

"ಎ."

"ಪ್ಲಸ್ ಯಾಕಿಲ್ಲ?"

"ಪ್ಲಸ್ ಎಲ್ಲಾ ಇನ್ನು ಕೊಡಕ್ಕಾಗಲ್ಲ."

ಬಿಪಿ ಅಳೆಯುವ ಯಂತ್ರ ಹಾಕಿಕೊಂಡೆ. ಸಂಖ್ಯೆ ಬರೆಯುವುದಿಲ್ಲ, ನಡೀನ್ ಓದಿಬಿಟ್ಟಾಳು.

ಆಗಸ್ಟ್ 17, ಶುಕ್ರವಾರ

ಮನೆಯಿಂದ ಹೊರಗೆ ಹೋಗಲಿಲ್ಲ.

ಆಗಸ್ಟ್ 20, ಸೋಮವಾರ

ಹೊರಗೆ ಹೋದೆ. ಹೋಗಬಾರದಿತ್ತು. ಡೆಲ್ಬರ್ಟ್ ಹಾಕ್, ಮರದ ಅಡ್ಡೆಯವನು, ಪ್ರತಿ ಸಲವೂ ನನಗೆ ಓಟು ಹಾಕಿದವನು, ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ನನ್ನ ಚುನಾವಣಾ ಬೋರ್ಡನ್ನು ಮೆಟ್ಟಿಲ ಮೇಲೆ ಎಸೆದು ಹೋದ. ಆ ಬೋರ್ಡು ಬಿದ್ದ ಸದ್ದು ಇನ್ನೂ ಕಿವಿಯಲ್ಲಿ ಉಳಿದಿದೆ.

ಈ ಕುರ್ಚಿ ಹೋದರೆ ನಾನು ಯಾರು? ಮೊಳೆ ಮಾರುವ ಒಬ್ಬ ಮುದುಕ. ಅಕ್ಟೋಬರ್‌ನಲ್ಲಿ ಮಸೂದೆ ಬೀಳಿಸುತ್ತೇನೆ, ಎ ತಗೊಳ್ಳುತ್ತೇನೆ, ಮುಗಿಯಿತು. ಪ್ಲಸ್ ಇಲ್ಲದೆ ಬದುಕಲು ಕಲಿಯುತ್ತೇನೆ.

ಸೆಪ್ಟೆಂಬರ್ 8, ಶನಿವಾರ

ಅಗ್ನಿಶಾಮಕ ದಳದ ಶೆಡ್ಡಿನಲ್ಲಿ ಬಂದೂಕು ಬಹುಮಾನದ ಲಾಟರಿ. ಪ್ರತಿ ವರ್ಷ ಅದರಿಂದಲೇ ದಳದ ಗಾಡಿಗೆ ಡೀಸೆಲ್ ಬರುವುದು. ಹೋಗದಿದ್ದರೆ ಹೆದರಿದ ಅನ್ನುತ್ತಾರೆ. ಹೋದೆ. ಕ್ಷಮೆ ಕೇಳುವ ಭಾಷಣವನ್ನು ಬಾತ್‌ರೂಮಿನ ಕನ್ನಡಿ ಮುಂದೆ ನಿಂತು ಬಾಯಿಪಾಠ ಮಾಡಿದ್ದೆ. ಮಧ್ಯೆ ಒಂದು ಕಡೆ ಗಂಟಲು ಕಟ್ಟುವಂತೆ ಏರ್ಪಾಟೂ ಮಾಡಿಕೊಂಡಿದ್ದೆ.

ಒಳಗೆ ಕಾಲಿಟ್ಟಿದ್ದೇ ದಳದ ಮುಖ್ಯಸ್ಥ ಎಲ್‌ವುಡ್ ಮೈಕಿನಲ್ಲಿ ಕೂಗಿದ. ನಾನೂ ಅವನೂ ಚಡ್ಡಿ ಹಾಕುತ್ತಿದ್ದ ಕಾಲದಿಂದ ಜೊತೆಗೆ ಬೇಟೆಗೆ ಹೋದವರು.

"ಬಂದ ನೋಡ್ರಪ್ಪ, ಫೇಲಾದವನು!"

ಇಡೀ ಶೆಡ್ಡು ನಕ್ಕಿತು. ಮೈಕು ಇಸಿದುಕೊಂಡು, "ಸ್ನೇಹಿತರೇ, ನಿಮ್ಮ ಮನಸ್ಸಿಗೆ ನೋವಾಗಿದ್ರೆ..." ಎಂದು ಶುರುಮಾಡಿದೆ. ಗಂಟಲು ಕಟ್ಟುವ ಜಾಗದವರೆಗೂ ಹೋಗಲು ಬಿಡಲಿಲ್ಲ.

"ಯಾರಿಗೋ ನೋವು?" ಎಲ್‌ವುಡ್ ಮೈಕು ವಾಪಸ್ಸು ಕಿತ್ತುಕೊಂಡ. "ನಾನು ಲೀಗ್ ಬಿಟ್ಟು ಎರಡು ವರ್ಷ ಆಯ್ತು ಕಣೋ. ಮೊದ್ಲೆಲ್ಲ ಅವ್ರು ನಮಗೆ ಬಂದೂಕು ಹಿಡಿಯೋದು ಕಲಿಸ್ತಿದ್ರು. ಈಗ ದಿನಾ ಬೆಳಗಾದ್ರೆ ಹೆದರಿಸೋ ಪತ್ರ ಕಳಿಸ್ತಾರೆ. ನಂಗೆ ಜಿಂಕೆ ಹೊಡಿಯೋಕೆ ಅವರ ಅಪ್ಪಣೆ ಬೇಕಾ?"

"ಆ ಟೈ ಕಟ್ಕೊಂಡಿರೋರಲ್ಲಿ ಒಬ್ಬನಾದ್ರೂ ಜಿಂಕೆ ಚರ್ಮ ಸುಲಿದಿದ್ದಾನಾ ಅಂತ ಕೇಳಿ!" ಹಿಂದಿನಿಂದ ಯಾರೋ ಹೆಂಗಸು ಕೂಗಿದಳು.

"ಅದೆಲ್ಲ ಇರ್ಲಿ," ಅಂದ ಎಲ್‌ವುಡ್. "ನಮ್ಮೂರಿನವನಿಗೆ ಮಾರ್ಕ್ಸ್ ಕೊಡೋಕೆ ಅವ್ರು ಯಾರು? ಇವನನ್ನ ಬೈಯ್ಯೋದಾದ್ರೆ ನಾವು ಬೈತೀವಿ!"

ಅದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಚಪ್ಪಾಳೆ ತಟ್ಟಬೇಕೋ ಬೇಡವೋ ಗೊತ್ತಾಗದೆ ಸಾಸೇಜು ತಿಂದೆ. ಪೂರ್ತಿ ಎಲ್ಲರೂ ಹಾಗಿರಲಿಲ್ಲ. ಡೆಲ್ಬರ್ಟ್ ಮತ್ತು ಅವನ ಅಣ್ಣತಮ್ಮಂದಿರು ಎದ್ದು ಹೋದರು. ಅವರ ಮೇಜಿನ ಸಾಸೇಜು ಹಾಗೇ ಉಳಿಯಿತು.

ಈ ವರ್ಷ ಮೊದಲ ಬಹುಮಾನವಾಗಿ ರೈಫಲ್ ಜೊತೆ ಬೀಗವಿರುವ ಉಕ್ಕಿನ ಕಪಾಟನ್ನೂ ಇಟ್ಟಿದ್ದರು. ಗೆದ್ದವನು ವೇದಿಕೆ ಹತ್ತಿದವನೇ "ಕಪಾಟಿನ ಕೀ ಎಲ್ಲಿ?" ಎಂದು ಕೇಳಿದ. ಮನೆಗೆ ಬರುವಾಗ ನಡೀನ್ ಹೇಳಿದಳು, ಅಂಗಡಿಯಲ್ಲಿ ಜೋಸಿ ತೆಗೆಯಲಾಗದ ಬೀಗ ಪೂರ್ತಿ ಖಾಲಿಯಂತೆ, ಮತ್ತೆ ತರಿಸಿದ್ದಾಳಂತೆ, ಅದೂ ಖಾಲಿಯಾಗುತ್ತಿದೆಯಂತೆ. ನಮ್ಮ ಅಂಗಡಿಯಲ್ಲಿ ಏನು ನಡೆಯುತ್ತಿದೆ ಎಂದು ನನಗೇ ಗೊತ್ತಿರಲಿಲ್ಲ.

ಆದರೂ ಒಂದು ಶೆಡ್ಡು ಇಡೀ ಜಿಲ್ಲೆಯಲ್ಲ. ಮಸೂದೆ ಬೀಳಿಸುವುದೇ.

ಸೆಪ್ಟೆಂಬರ್ 20, ಗುರುವಾರ

ಹೊಸ ತಲೆನೋವು. ನನ್ನ ಚುನಾವಣಾ ಬೋರ್ಡುಗಳು ಎಲ್ಲರಂತೆ ರಟ್ಟಿನವಲ್ಲ. ಎಲ್‌ವುಡ್ ವರ್ಷಗಳ ಹಿಂದೆ ಪ್ಲೈವುಡ್‌ನಲ್ಲಿ ಕೊಯ್ದು ಮಾಡಿಕೊಟ್ಟವು. ಮೇಲೆ ನನ್ನ ಹೆಸರು, ಕೆಳಗೆ ಕಿತ್ತಳೆ ಬಣ್ಣದಲ್ಲಿ ಮಾರುದ್ದದ ಎ ಪ್ಲಸ್. ಚುನಾವಣೆ ಮುಗಿದ ಮೇಲೆ ಅವರವರ ಗ್ಯಾರೇಜಿನಲ್ಲಿ ಇಟ್ಟುಕೊಳ್ಳುತ್ತಾರೆ, ಮುಂದಿನ ಸಲ ಸೆಪ್ಟೆಂಬರ್ ಬಂದಾಗ ತಾವಾಗಿಯೇ ತೆಗೆದು ಅಂಗಳದಲ್ಲಿ ನೆಡುತ್ತಾರೆ. ನಾನು ಯಾರನ್ನೂ ಕೇಳಬೇಕಾಗಿಲ್ಲ. ಈ ಸಲವೂ ಕೇಳದೆಯೇ ನೆಟ್ಟಿದ್ದಾರೆ. ರಸ್ತೆಯುದ್ದಕ್ಕೂ ಎ ಪ್ಲಸ್, ಎ ಪ್ಲಸ್, ಎ ಪ್ಲಸ್.

ಲೀಗ್‌ನ ಪೆಲ್ಹ್ಯಾಮ್ ಫೋನು ಮಾಡಿದ್ದರು. "ನಿಮಗಿಲ್ಲದ ದರ್ಜೆ ಹಾಕ್ಕೊಂಡು ಓಡಾಡ್ತಿದ್ದೀರಿ. ತೆಗೆಸಿ, ಇಲ್ಲಾಂದ್ರೆ ನಮ್ಮ ವಕೀಲರು ಪತ್ರ ಬರೀತಾರೆ." ನನ್ನ ಎದುರಾಳಿ ರಾಡ್ನಿ ಬಾಮ್‌ಗೆ ಈಗ ಎ ಪ್ಲಸ್ ಕೊಟ್ಟಿದ್ದಾರಂತೆ. ವಿಮೆ ಮಾರುವ ಹುಡುಗ. ಬಂದೂಕಿನ ಯಾವ ತುದಿಯಿಂದ ಗುಂಡು ಬರುತ್ತದೆಂದು ಅವನಿಗೆ ಗೊತ್ತಿದೆಯೋ ಇಲ್ಲವೋ.

ಮನೆಮನೆಗೆ ಹೋಗಿ "ನನ್ನ ಎ ಪ್ಲಸ್ ಅಳಿಸಿಕೊಡಿ" ಎಂದು ಕೇಳುವ ಮುಖ ನನಗಿಲ್ಲ. ನಾಳೆ ನೋಡೋಣ.

ಅಕ್ಟೋಬರ್ 7, ಭಾನುವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ನಿನ್ನೆ ಸಂಜೆ ಎಲ್‌ವುಡ್‌ನ ಮನೆಯಿಂದ ಬರುವಾಗ ನೋಡಿದೆ. ಮಿಲ್ ರಸ್ತೆಯ ಬೋರ್ಡುಗಳಲ್ಲಿ ಎ ಹೋಗಿ ಎಫ್ ಆಗಿದೆ! ಯಾರೋ ಎ ಮೇಲೆ ಬಿಳಿ ಬಣ್ಣ ಬಳಿದು, ಅದರ ಮೇಲೆ ಕಪ್ಪಿನಲ್ಲಿ ದೊಡ್ಡ ಎಫ್ ಬರೆದಿದ್ದಾರೆ. ಪ್ಲಸ್ಸನ್ನು ಹಾಗೇ ಬಿಟ್ಟಿದ್ದಾರೆ, ಗೇಲಿಗೆ. ಬಾಮ್‌ನ ಕಡೆಯ ಪುಂಡರ ಕೆಲಸ, ಅನುಮಾನವೇ ಇಲ್ಲ. ಇಷ್ಟು ವರ್ಷ ನನ್ನ ಹೆಸರನ್ನು ತಮ್ಮ ಹುಲ್ಲಿನ ಮೇಲೆ ನಿಲ್ಲಿಸಿದ ಜನ ಬೆಳಿಗ್ಗೆ ಎದ್ದು ಅದನ್ನು ನೋಡಬೇಕೇ?

ಸೂರ್ಯ ಹುಟ್ಟುವ ಹೊತ್ತಿಗೆ ಅಂಗಡಿಯಿಂದ ಬಿಳಿ, ಕಿತ್ತಳೆ ಬಣ್ಣದ ಡಬ್ಬಿ, ಬ್ರಷ್ಷು ತಗೊಂಡು ಹೊರಟೆ. ಇಲ್ಲದ ದರ್ಜೆ, ವಕೀಲರ ಪತ್ರ, ಯಾವುದೂ ತಲೆಯಲ್ಲಿರಲಿಲ್ಲ. ಮೂರು ಅಂಗಳಗಳಲ್ಲಿ ಎಫ್ ಅಳಿಸಿ ಎ ಮಾಡಿದೆ. ನಾಲ್ಕನೆಯದು ಮಿಸ್ ರೌಶ್ ಅವರ ಮನೆ. ಮೂರನೇ ಕ್ಲಾಸಿನಲ್ಲಿ ನನಗೆ ಪಾಠ ಹೇಳಿದವರು. ಈಗ ತೊಂಬತ್ತರ ಹತ್ತಿರ ಹತ್ತಿರ ಇದ್ದಾರೆ. ಊರಿನ ಅರ್ಧ ಜನ ಅವರ ಕೈಲಿ ಬೈಸಿಕೊಂಡು ದೊಡ್ಡವರಾದವರು, ಇನ್ನರ್ಧ ಜನ ಹಾಗೆ ಬೈಸಿಕೊಂಡವರ ಮಕ್ಕಳು. ಮಂಡಿಯೂರಿ ಕೂತು ಬಣ್ಣಕ್ಕೆ ಬ್ರಷ್ಷು ಅದ್ದುತ್ತಿದ್ದೆ, ಬಾಗಿಲು ತೆರೆಯಿತು.

"ಯಾರದು?"

"ನಾನು ಮಿಸ್, ವರ್ಲಿನ್."

"ನನ್ನ ಹುಲ್ಲಿನ ಮೇಲೆ ಏನ್ ಮಾಡ್ತಿದ್ದೀಯೋ?"

"ಯಾರೋ ಪುಂಡರು ನಿಮ್ಮ ಬೋರ್ಡು ಹಾಳು ಮಾಡಿದ್ದಾರೆ ಮಿಸ್. ಸರಿ ಮಾಡ್ತಿದ್ದೀನಿ."

"ಆ ಪುಂಡಿ ನಾನೇ. ಬ್ರಷ್ ಕೆಳಗಿಡು."

ಇಟ್ಟೆ.

"ಮಿಲ್ ರಸ್ತೇಲಿ ಇರೋವೆಲ್ಲ ಅವರವರೇ ಬರೆದಿರೋದು. ಮಾರ್ವೆಲ್ ಕಪ್ಪು ಬಣ್ಣ ಹಂಚಿದ್ಲು. ನಿನ್ನ ಅಂಗಡೀದೇ, ನಡೀನ್ ಅರ್ಧ ಬೆಲೆಗೆ ಕೊಟ್ಳು."

"ನಡೀನಾ?"

"ಎಷ್ಟು ಅಳಿಸಿದ್ದೀಯಾ?"

"ಮೂರು."

"ಮೂರನೇ ಕ್ಲಾಸಲ್ಲೂ ನಿಂದು ಇದೇ ಕಥೆ. ಪ್ರಶ್ನೆ ಪೂರ್ತಿ ಓದೋಕೆ ಮುಂಚೆ ಉತ್ತರ ಅಳಿಸ್ತಿದ್ದೆ. ಹೋಗು, ಮೂರನ್ನೂ ಮತ್ತೆ ಬರಿ. ನಾನೂ ಬರ್ತೀನಿ, ನಿನ್ನ ಅಕ್ಷರದ ಮೇಲೆ ನಂಗೆ ನಂಬಿಕೆ ಇಲ್ಲ."

ಡ್ರೆಸ್ಸಿಂಗ್ ಗೌನಿನ ಮೇಲೆ ಕೋಟು ಹಾಕಿಕೊಂಡು, ಮಿಕ್ಕಿದ್ದ ಕಪ್ಪು ಬಣ್ಣದ ಡಬ್ಬಿ ನನ್ನ ಕೈಗಿಟ್ಟು, ಕೋಲೂರಿಕೊಂಡು ನನ್ನ ಹಿಂದೆಯೇ ಬಂದರು. ನನ್ನ ಕೈಯಾರೆ ನನ್ನ ಹೆಸರಿನ ಕೆಳಗೆ ಮೂರು ಎಫ್ ಬರೆದೆ. ಎರಡನೆಯದರ ಮಧ್ಯದ ಗೆರೆ ಸೊಟ್ಟಗಾಯಿತೆಂದು ಕೋಲಿನಲ್ಲಿ ತಿವಿದು ತಿದ್ದಿಸಿದರು.

"ಎಫ್ ಅಂದ್ರೆ ನಾಚಿಕೆ ಅಲ್ವಾ ಮಿಸ್?"

"ಯಾರು ಕೊಟ್ಟಿದ್ದು ಅನ್ನೋದರ ಮೇಲೆ ಹೋಗುತ್ತೆ."

"ಪ್ಲಸ್ಸು ಅಳಿಸೋದು ಮರೆತಿದ್ದೀರಿ. ಎಫ್ ಪ್ಲಸ್ ಅಂತ ದರ್ಜೇನೇ ಇಲ್ಲ."

"ನಂಗೆ ಹೇಳಿಕೊಡ್ತೀಯಾ? ಮನೆಗೆ ಹೋಗು, ತಿಂಡಿ ತಿನ್ನು."

ಮನೆಗೆ ಬಂದು ನಡೀನ್‌ಳನ್ನು ಕೇಳಿದೆ. "ಅರ್ಧ ಬೆಲೆಗೆ ಯಾಕೆ ಕೊಟ್ಟೆ?" "ಪುಕ್ಕಟೆ ಕೊಟ್ರೆ ಅಕ್ರಮ ದೇಣಿಗೆ ಆಗುತ್ತೇನೋ ಅಂತ" ಅಂದಳು. ಪ್ಯಾನ್‌ಕೇಕು ತಿರುವಿ ಹಾಕುತ್ತಾ ಬೆನ್ನು ಮಾಡಿ ನಿಂತಿದ್ದಳು. ಭುಜ ಕುಣಿಯುತ್ತಿತ್ತು.

ಅಕ್ಟೋಬರ್ 16, ಮಂಗಳವಾರ, ಹ್ಯಾರಿಸ್‌ಬರ್ಗ್

ನಾಳೆ ವಿಚಾರಣೆ, ನಾಳೆಯೇ ಮತ. ಲೆಕ್ಕ ಹಾಕಿದರೆ ಎರಡೂ ಕಡೆ ಸಮ, ನನ್ನ ಮತ ಯಾವ ಕಡೆಗೆ ಬಿದ್ದರೆ ಆ ಕಡೆ. ಪೆಲ್ಹ್ಯಾಮ್ ಊಟಕ್ಕೆ ಕರೆದಿದ್ದರು. ಕಾರ್ಡು ಅಚ್ಚಿಗೆ ತಯಾರಿದೆಯಂತೆ, ನನ್ನ ಹೆಸರಿನ ಮುಂದೆ ಎ ಹಾಕಲು ಒಂದು ಫೋನು ಸಾಕಂತೆ. ಊರಿನವರು ಬೋರ್ಡಿಗೆ ಬಣ್ಣ ಬಳಿದದ್ದು ಬರೀ ಮಿಲ್ ರಸ್ತೆಯ ತಮಾಷೆ, ಗುಡ್ಡದ ಆಚೆಯವರು ಹಾಗಿಲ್ಲ, ನೆನಪಿರಲಿ ಅಂದರು. ಅದು ನಿಜವೇ. ಗುಡ್ಡದ ಆಚೆಯೆಲ್ಲ ಡೆಲ್ಬರ್ಟ್‌ಗಳೇ.

ಬೇಡ ಎಂದು ಮತ ಹಾಕುತ್ತೇನೆ. ತೀರ್ಮಾನವಾಗಿದೆ. ಬರೆದಾಯಿತು.

ಅಕ್ಟೋಬರ್ 17, ಬುಧವಾರ

ಬೇಕು ಎಂದು ಮತ ಹಾಕಿದೆ.

ಯಾಕೆ ಎಂದು ಪತ್ರಿಕೆಯವರು ಕೇಳಿದರು, ನಡೀನ್ ಫೋನಿನಲ್ಲಿ ಕೇಳಿದಳು. ಎಲ್ಲರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ನಡೆದದ್ದು ಇಷ್ಟು. ಮಾರ್ವೆಲ್ ಎದ್ದು ನಿಂತು ಬಿಸ್ಕತ್ತಿನ ಡಬ್ಬಿಯ ಕಥೆ ಹೇಳಿದಳು. ಅಳಲಿಲ್ಲ. ಬಸ್ಸಿನಲ್ಲಿ ಮಕ್ಕಳಿಗೆ "ಕೂತ್ಕೊಳ್ಳಿ" ಅನ್ನುವ ದನಿಯಲ್ಲೇ ಹೇಳಿದಳು. ನಾವೆಲ್ಲ ನೆಟ್ಟಗೆ ಕೂತೆವು. ಆಮೇಲೆ ಲೀಗ್‌ನ ಪರವಾಗಿ ಒಬ್ಬರು ಬೀಗ ಹಾಕುವುದು ಎಷ್ಟು ಕಷ್ಟ, ತುರ್ತಿನಲ್ಲಿ ಮನೆಯ ಯಜಮಾನನಿಗೇ ತೆಗೆಯಲು ಬರುವುದಿಲ್ಲ ಎಂದು ವಿವರಿಸತೊಡಗಿದರು. ನಾನು ನನ್ನ ಚೀಲದಿಂದ ಜೋಸಿ ಬೈದ ಬೀಗ ತೆಗೆದೆ. ಚೀಲದಲ್ಲಿ ಅದು ಹೇಗೆ ಬಂತೋ, ನಾನೇ ಹಾಕಿಕೊಂಡಿರಬೇಕು. ಕಣ್ಣು ಮುಚ್ಚಿಕೊಂಡೇ ಕೀಲಿ ಹಾಕಿ ತೆಗೆದೆ. "ಮೂವತ್ತು ವರ್ಷದಿಂದ ಬೀಗ ಮಾರ್ತಿದ್ದೀನಿ. ನೀವು ಹೇಳ್ತಿರೋ ಅಂಥ ಯಜಮಾನ ಇದ್ರೆ ಅವನ ಕೈಗೆ ಬಂದೂಕು ಕೊಡೋದೇ ಬೇಡ" ಅಂದೆ. ಸಭೆ ನಕ್ಕಿತು.

ಮತ ಹಾಕುವ ಹೊತ್ತಿಗೆ ಪೆಲ್ಹ್ಯಾಮ್ ಗ್ಯಾಲರಿಯಿಂದ ನನ್ನ ಕಡೆ ನೋಡಿ ಹೆಬ್ಬೆರಳು ಎತ್ತಿದ. ನಾಯಿಗೆ ಬಿಸ್ಕತ್ತು ತೋರಿಸಿದ ಹಾಗೆ. ನನಗೆ ಮೈ ಉರಿಯಿತು. ಅಷ್ಟೇ ಕಾರಣ. ಕೋಪ. ಡಾಕ್ಟರಿಗೆ ಹೇಳಬೇಕು.

ಮಸೂದೆ ಸಮಿತಿ ದಾಟಿತು. ಮಾರ್ವೆಲ್ ಹೊರಗೆ ಸಿಕ್ಕಿ ಕೈ ಹಿಡಿದಳು. ಆ ಶೆಡ್ಡಿನ ಭಾಷಣಕ್ಕೆ ಎಂದು ಇಟ್ಟುಕೊಂಡಿದ್ದ ಗಂಟಲು ಕಟ್ಟುವುದು ಈಗ ತಾನಾಗಿಯೇ ಬಂತು.

ಕುರ್ಚಿ ಹೋಯಿತು ಅಂತಲೇ ಇಟ್ಟುಕೊಂಡಿದ್ದೇನೆ. ವಿಚಿತ್ರವೆಂದರೆ ಹಸಿವಾಗಿದೆ.

ಅಕ್ಟೋಬರ್ 31, ಬುಧವಾರ

ಕಿತ್ತಳೆ ಕಾರ್ಡು ಮನೆಮನೆಗೆ ಬಂದಿದೆ. ಬಾಮ್‌ಗೆ ಎ ಪ್ಲಸ್, ನನಗೆ ಎಫ್, ಜೊತೆಗೆ ನನ್ನ ಅತಿ ಕೆಟ್ಟ ಫೋಟೋ. ಹ್ಯಾಲೋವೀನ್ ಆದದ್ದರಿಂದ ಸಂಜೆ ಮಕ್ಕಳು ವೇಷ ಹಾಕಿಕೊಂಡು ಮಿಠಾಯಿ ಕೇಳಲು ಬಂದರು. ಒಂದು ಮಗು ಆ ಕಾರ್ಡಿನಿಂದಲೇ ಕುಂಬಳಕಾಯಿ ಮುಖವಾಡ ಕತ್ತರಿಸಿಕೊಂಡು ಬಂದಿತ್ತು. ನನ್ನ ಫೋಟೋ ಇದ್ದ ಜಾಗದಲ್ಲಿ ಕಣ್ಣಿನ ತೂತು.

ಜೋಸಿ ಬೀಗದ ವೇಷ ಹಾಕಿದ್ದಳು. ಎರಡು ಮಿಠಾಯಿ ಹೆಚ್ಚು ಕೊಟ್ಟೆ.

ನವೆಂಬರ್ 7, ಬುಧವಾರ

ಗೆದ್ದೆ!

ಗುಡ್ಡದ ಆಚೆ ಪೂರ್ತಿ ಸೋತೆ, ಪೆಲ್ಹ್ಯಾಮ್ ಹೇಳಿದಂತೆಯೇ. ಈಚೆ ಕಡೆ ಮಾತ್ರ ಎಂದೂ ಓಟು ಹಾಕದವರೂ ಬಂದು ಸಾಲು ನಿಂತಿದ್ದರಂತೆ. ಹಿಂದೆಲ್ಲ ಸಾವಿರಗಟ್ಟಲೆ ಅಂತರದಲ್ಲಿ ಗೆಲ್ಲುತ್ತಿದ್ದೆ, ಈ ಸಲ ನಮ್ಮ ಶೆಡ್ಡಿನ ಬೆಂಚುಗಳ ಮೇಲೆ ಕೂರಿಸಬಹುದಾದಷ್ಟು ಜನ ಹೆಚ್ಚು. ಆದರೆ ಆ ಬೆಂಚಿನವರ ಮುಖ ಒಂದೊಂದೂ ನನಗೆ ಗೊತ್ತು.

ಬಾಮ್ ಫೋನು ಮಾಡಿ ಅಭಿನಂದಿಸಿದ. ಒಳ್ಳೆಯ ಹುಡುಗ. ಮೊಣಕಾಲು ಹೇಗಿದೆ ಎಂದು ಕೇಳಿದ.

ನವೆಂಬರ್ 26, ಸೋಮವಾರ

ಜಿಂಕೆ ಬೇಟೆಯ ಮೊದಲ ದಿನ. ಎಲ್‌ವುಡ್ ಜೊತೆ ಹೋದೆ. ಹೋಗುವ ಮುಂಚೆ ಕಪಾಟಿನ ಬೀಗ ತೆಗೆಯಲು ಕೀಲಿ ಸಿಗದೆ ಅವನನ್ನು ಅರ್ಧ ಗಂಟೆ ಕಾಯಿಸಿದೆ. "ಇದಕ್ಕೇ ನಾನು ಓಟು ಹಾಕಿದ್ದು ನೋಡು" ಎಂದು ಬೈದ. ಜಿಂಕೆ ಸಿಗಲಿಲ್ಲ. ಇಬ್ಬರಿಗೂ ಕಣ್ಣು ಮಂಜಾಗಿದೆ, ಜಿಂಕೆಗಳಿಗೆ ಅದು ಗೊತ್ತಾಗಿದೆ.

ಮಸೂದೆಯನ್ನು ಪೂರ್ಣ ಸಭೆಯಲ್ಲಿ ಮೇಜಿಗೇ ತರದೆ ಅಧಿವೇಶನ ಮುಗಿಸುತ್ತಿದ್ದಾರೆ. ಲೀಗ್‌ಗೆ ಅಷ್ಟು ಕೈ ಇನ್ನೂ ಇದೆ. ಜನವರಿಯಲ್ಲಿ ಮತ್ತೆ ಮಂಡಿಸಬೇಕು. ಯಾರಾದರೂ ಮಂಡಿಸಲೇಬೇಕಲ್ಲ, ನಾನೇ ಮಂಡಿಸುತ್ತೇನೆ ಎಂದು ಬರೆದುಕೊಟ್ಟಿದ್ದೇನೆ. ಡಾಕ್ಟರು ಬಿಪಿ ಇಳಿದದ್ದು ನೋಡಿ ಯಂತ್ರ ಕೆಟ್ಟಿದೆಯೇನೋ ಎಂದು ಇನ್ನೊಂದು ತರಿಸಿದರು. ಇನ್ನು ಬರೆಯದಿದ್ದರೂ ನಡೆಯುತ್ತದಂತೆ. ಚಟ ಹತ್ತಿದೆ, ಬರೆಯುತ್ತೇನೆ. ನಡುಮನೆಯ ಗೋಡೆಗೆ ನಡೀನ್ ಸುಣ್ಣ ಬಳಿಸಿದಳು. ಎ ಪ್ಲಸ್‌ನ ಕಟ್ಟುಗಳನ್ನೆಲ್ಲ ಎಲ್ಲಿಟ್ಟಳೋ, ಕೇಳಲು ಮರೆತೇ ಹೋಯಿತು.

ಸಂಜೆ ಮಾರ್ವೆಲ್ ಮೊಟ್ಟೆ ತಂದಳು. ಪಾತ್ರೆ ಕೈಗೆ ಸಿಗಲಿಲ್ಲ, ಲೀಗ್‌ನ ಟೋಪಿಗೇ ಹಾಕಿಸಿಕೊಂಡೆ. ಅರ್ಧದಷ್ಟು ಮಿಸ್ ರೌಶ್ ಅವರಿಗೆ ಕೊಡೋಣವೆಂದು ಹೊರಟೆ. ಹಿಮ ಬೀಳುವ ಮುಂಚೆ ಬೋರ್ಡು ಒಳಗಿಡಬೇಕು, ಅವರಿಗೆ ಎತ್ತಲಾಗುವುದಿಲ್ಲ.

ಮೊಟ್ಟೆ ಎಣಿಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದರು. ಬೋರ್ಡು ಕಿತ್ತು ಹೆಗಲ ಮೇಲಿಟ್ಟುಕೊಂಡು ಕೇಳಿದೆ.

"ಮಿಸ್, ಈಗಲಾದ್ರೂ ಹೇಳಿ. ಪ್ಲಸ್ಸು ಯಾಕೆ ಬಿಟ್ರಿ?"

"ಎಫ್ ಅವರು ಕೊಟ್ಟಿದ್ದು. ಪ್ಲಸ್ ನಾವು ಕೊಟ್ಟಿದ್ದು."

"ಆದ್ರೆ ಆಗ ನಾನಿನ್ನೂ ಮತಾನೇ ಹಾಕಿರ್ಲಿಲ್ಲ. ಬೇಡ ಅಂತ ಹಾಕೋದು ಅಂತಲೇ ಇದ್ದೆ."

"ಗೊತ್ತಿತ್ತು. ಮುಂಗಡವಾಗಿ ಕೊಟ್ಟಿದ್ವಿ ಕಣೋ."

ಬೋರ್ಡನ್ನು ಗ್ಯಾರೇಜಿನಲ್ಲಿ ಬಾಗಿಲು ತೆರೆದರೆ ಕಾಣುವಂತೆ ಮುಖ ಹೊರಗೆ ಮಾಡಿ ನಿಲ್ಲಿಸಿ ಬಂದೆ.